ಬೂರ್ಗುಲ ರಾಮಕೃಷ್ಣರಾಯರು: ವಕೀಲಿಯೂ ಗೇಣಿ ಶಾಸನವೂ

ಶಂಶಾಬಾದನ್ನು ದಾಟಿ ದಕ್ಷಿಣಕ್ಕೆ ಸಾಗುವ ಹೆದ್ದಾರಿಯಲ್ಲಿ, ಷಾದ್‌ನಗರದ ಬಳಿ, ಬೂರ್ಗುಲವೆಂಬ ಗ್ರಾಮವಿದೆ. ಆ ಊರ ಹೆಸರನ್ನೇ ಮನೆತನದ ಹೆಸರಾಗಿ ಧರಿಸಿದ ರಾಮಕೃಷ್ಣರಾಯರು (1899–1967) ಹೈದರಾಬಾದಿನಲ್ಲಿ ವಕೀಲರಾಗಿದ್ದು, ನಿಜಾಮನ ಆಳಿಕೆಯನ್ನು ಎದುರಿಸಿ, 1952ರಲ್ಲಿ ಆ ರಾಜ್ಯದ ಪ್ರಥಮ ಚುನಾಯಿತ ಮುಖ್ಯಮಂತ್ರಿಗಳಾದರು. ಅವರನ್ನು ಕುರಿತು ಬರೆಯುವವರು ಬಹುಭಾಷಾಪಾಂಡಿತ್ಯವನ್ನೂ ಸೌಂದರ್ಯಲಹರಿಯ ತೆಲುಗು ಅನುವಾದವನ್ನೂ ಮನಸಾರೆ ಕೊಂಡಾಡುತ್ತಾರೆ. ಕೊಂಡಾಟ ಸಲ್ಲತಕ್ಕದ್ದೇ, ಆದರೆ ಪಂಡಿತನ ನೆರಳಿನಲ್ಲಿ ಶಾಸಕನು ಮರೆಯಾಗಬಾರದು.

ವಕೀಲಿಯು ಒರೆಗೆ ಬಂದುದು ಭೂಮಿಯ ವಿಷಯದಲ್ಲಿ. ಅಮೆರಿಕದ ಕ್ರಾಂತಿಕಾಲದ ವಕೀಲ ಜೆಫರ್ಸನ್ 1776ರಲ್ಲಿ ವರ್ಜೀನಿಯದ ಜಮೀನನ್ನು ಪಾಲುಮಾರಾಟಗಳಿಲ್ಲದೆ ಒಂದೇ ವಂಶಕ್ಕೆ ಬಿಗಿದಿದ್ದ ಕಟ್ಟನ್ನು ಶಾಸನದಿಂದ ಮುರಿಯಹೊರಟನು. ಅದನ್ನು ಉಳುತ್ತಿದ್ದ ಗುಲಾಮರಿಗೆ ಅದರಿಂದ ಏನೂ ದೊರೆಯಲಿಲ್ಲ. ರಾಯರು ಉಳುವವನನ್ನೇ ನೋಡಿದರು. 1950ರ ಹೈದರಾಬಾದ್ ಗೇಣಿ ಶಾಸನಕ್ಕೆ ಅವರ ಸರಕಾರವು 1954ರಲ್ಲಿ ತಂದ ತಿದ್ದುಪಡಿಯು ‘ರಕ್ಷಿತ ಗೇಣಿದಾರ’ನಿಗೆ ಭೂಮಿಯ ಒಡೆತನವನ್ನೇ ವರ್ಗಾಯಿಸುವ ಮಾರ್ಗವನ್ನು ತೆರೆಯಿತು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ರೈತನಿಗೂ, 1956ರ ನವೆಂಬರ್ 1ರಂದು ಅವು ಮೈಸೂರನ್ನು ಸೇರಿದ ಮೇಲೆಯೂ ಕೆಲಕಾಲ, ಇದೇ ಶಾಸನವು ಅನ್ವಯಿಸುತ್ತಿತ್ತು.

ಶಾಸನದ ಮಾತು ಬಲವಾಗಿತ್ತು, ಕಾವಲು ದುರ್ಬಲವಾಗಿತ್ತು. 1958ರಲ್ಲಿ ಪ್ರಕಟವಾದ ಎ. ಎಂ. ಖುಸ್ರೋ ಅವರ ಅಧ್ಯಯನವು, ಅನೇಕ ಗೇಣಿದಾರರು ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟುದನ್ನೂ ‘ಸ್ವಯಂಪ್ರೇರಣೆ’ಯಿಂದ ಭೂಮಿಯನ್ನು ಬಿಟ್ಟುಕೊಟ್ಟುದನ್ನೂ ತೋರಿಸಿತು. ಜಮೀನುದಾರನೆದುರು ಹೆಬ್ಬೆಟ್ಟೊತ್ತುವವನ ಸ್ವಇಚ್ಛೆ ಎಂತಹುದೆಂಬುದನ್ನು ಕಚೇರಿಗಳಲ್ಲಿ ಪಳಗಿದ ವಕೀಲರು ಬಲ್ಲವರೇ ಆಗಿದ್ದರು.