ಬಟ್ಟಲು ತೊಳೆಯದ ಊಟ

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಜೋಗ್ಯೆ ಬೌದ್ಧ ಪಂಥದ ಮುಖ್ಯ ದೇವಾಲಯವಾದ ಜೋಗ್ಯೆಸಾದ ಎದುರಿಗೆ, ‘ಬಾರು ಗೊಂಗ್ಯಾಂಗ್’ ಎಂಬ ಹೋಟೆಲಿದೆ. ಪಂಥದವರೇ 2009ರಲ್ಲಿ ತೆರೆದ ಇದಕ್ಕೆ, ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿಯ 2017ರ ಆವೃತ್ತಿ ಒಂದು ತಾರೆ ಕೊಟ್ಟಿತು. ಭಿಕ್ಷುಗಳ ಮೌನದ ಊಟ ಪೇಟೆಯ ಮೇಜಿಗೆ ಬಂದಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ಇಲ್ಲಿ ಚೆನ್ನಾಗಿ ಕಾಣಬಹುದು.

ಮೊದಲು ಅಡುಗೆ. ಕೊರಿಯಾದ ದೇವಾಲಯಗಳ ಅಡುಗೆಯಲ್ಲಿ ಮಾಂಸ, ಮೀನು ನಿಷಿದ್ಧ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಘಾಟಿನ ಪದಾರ್ಥಗಳೂ ಇಲ್ಲ. ಉಡುಪಿಯ ಮಠದ ಅಡುಗೆಯೂ ಇವನ್ನು ಬಿಟ್ಟದ್ದೇ, ಆದರೆ ನಮ್ಮ ಸಾರಿಗೆ ಇಂಗು ಬೇಕು. ಅಲ್ಲಿ ಇಂಗೂ ವರ್ಜ್ಯ. ಕಿಮ್ಚಿ ಎಂದರೆ ಹುದುಗಿಸಿದ ತರಕಾರಿ; ಮನೆಮನೆಯ ಕಿಮ್ಚಿಗೆ ಜೀವಾಳವಾದ ಬೆಳ್ಳುಳ್ಳಿ ಮತ್ತು ಹುದುಗಿಸಿದ ಸಿಗಡಿ ಇಲ್ಲದೆಯೇ ಕಿಮ್ಚಿ ಹಾಕಬೇಕು. ಇಷ್ಟು ಬಿಟ್ಟರೂ ರುಚಿ ಸೊರಗುವುದಿಲ್ಲ. ತಿಂಗಳುಗಟ್ಟಲೆ ಹುದುಗಿದ ಸೋಯಾ ಕಾಳಿನ ದ್ವೆಂಜಾಂಗ್, ಕಡಲಪಾಚಿ ಮತ್ತು ಒಣ ಅಣಬೆ ಕುದಿಸಿದ ತಿಳಿ, ಕಮಲದೆಲೆಯಲ್ಲಿ ಸುತ್ತಿ ಹಬೆಗಿಟ್ಟ ಅನ್ನ: ಇವು ನಾಲಿಗೆಯನ್ನು ಚುಚ್ಚುವುದಿಲ್ಲ, ಗಮನವನ್ನು ಬೇಡುತ್ತವೆ. ಅವಸರದಲ್ಲಿ ಉಂಡವರಿಗೆ ಈ ರುಚಿ ಸಿಗುವುದೇ ಇಲ್ಲ.

ಇನ್ನು ಆಚರಣೆ. ಹೋಟೆಲಿನ ಹೆಸರು ನಿಜಕ್ಕೂ ಬೌದ್ಧ ಮಠದೊಳಗಿನ ಒಂದು ಊಟದ ಕ್ರಮದ್ದು. ಒಂದರೊಳಗೊಂದು ಕೂರುವ ನಾಲ್ಕು ಬಟ್ಟಲು: ಅನ್ನಕ್ಕೆ, ಸಾರಿಗೆ, ಪಲ್ಯಗಳಿಗೆ, ನೀರಿಗೆ. ಹಿರಿಯ ಭಿಕ್ಷುವಿಗೂ ಕಿರಿಯನಿಗೂ ಒಂದೇ ಊಟ. ಮಾತಿಲ್ಲ. ಬೇಕಾದಷ್ಟೇ ಹಾಕಿಸಿಕೊಳ್ಳಬೇಕು, ಒಂದಗುಳೂ ಬಿಡುವಂತಿಲ್ಲ. ಕೊನೆಗೆ ಉಳಿಸಿಕೊಂಡ ಒಂದು ಹೋಳು ಕಿಮ್ಚಿಯಿಂದ, ನೀರು ಹಾಕಿ ಬಟ್ಟಲು ಒರೆಸಿ, ಆ ನೀರನ್ನೂ ಕುಡಿದು, ಪಾತ್ರೆಗಳನ್ನು ತಾವೇ ತೊಳೆದಿಡಬೇಕು.

ಹೋಟೆಲಿನಲ್ಲಿ ಇದೆಲ್ಲ ಇರಲು ಸಾಧ್ಯವಿಲ್ಲ. ಒಂದಾದ ಮೇಲೊಂದು ತಟ್ಟೆ ಬರುತ್ತದೆ, ಕೊಟ್ಟ ಹಣಕ್ಕೆ ತಕ್ಕಂತೆ ಬಗೆಗಳು ಹೆಚ್ಚುತ್ತವೆ, ಎಂಜಲು ಬಟ್ಟಲನ್ನು ಬೇರೆಯವರು ಎತ್ತುತ್ತಾರೆ. ಸಮಪಾಲಿನ ಊಟ ಇಲ್ಲಿ ದರ್ಜೆಯ ಊಟವಾಗುತ್ತದೆ. ನನ್ನ ಆಕ್ಷೇಪ ಇರುವುದು ಅಡುಗೆಯವರ ಮೇಲಲ್ಲ, ಇಷ್ಟನ್ನೇ ಪೂರ್ಣವೆಂದು ಒಪ್ಪಿಬಿಡುವ ನಮ್ಮ ಮೇಲೆ. ಸದ್ದಿಲ್ಲದ ಕೋಣೆಯನ್ನು ಹಣ ಕೊಟ್ಟು ಪಡೆಯಬಹುದು. ಮೌನವನ್ನು ಉಣ್ಣುವವರೇ ಪಾಲಿಸಬೇಕು.

ಅಡುಗೆಯ ಮಟ್ಟಿಗೆ ಈ ಪ್ರಯೋಗ ಗೆದ್ದಿದೆ, ಊಟದ ಮಟ್ಟಿಗೆ ಅರ್ಧಕ್ಕೆ ನಿಂತಿದೆ. ಉಳಿದರ್ಧ ಬೇಕೆನ್ನುವವರಿಗೆ ದಾರಿಯೂ ಇದೆ: 2002ರಿಂದ ಕೊರಿಯಾದ ದೇವಾಲಯಗಳು ಹೊರಗಿನವರನ್ನೂ ವಾಸ್ತವ್ಯಕ್ಕೆ ಕರೆಯುತ್ತಿವೆ. ಕೊರಿಯಾಕ್ಕೆ ಹೋಗುವ ಓದುಗರು ಮೊದಲು ಹೋಟೆಲಿನಲ್ಲಿ ರುಚಿ ನೋಡಲಿ. ಆಮೇಲೆ ದೇವಾಲಯದಲ್ಲಿ ಕುಳಿತು ಉಂಡು, ಬಟ್ಟಲನ್ನೂ ತೊಳೆದು ಬರಲಿ.