ಲಟ್ಟಣಿಗೆಗೆ ಕುಸುಬಿ ಎಣ್ಣೆ

ನಮ್ಮ ಕೊಪ್ಪಳ ಜಿಲ್ಲೆಯ ಕಾರಟಗಿ, ಸಿದ್ದಾಪುರದ ಕಡೆ ಹೊಸ ಮನೆಗಳ ಬಾಗಿಲು ನೋಡಿ ಬಂದಮೇಲೆ ಪಿ.ಯು. (ಪಾಲಿಯುರೆಥೇನ್) ವಾರ್ನಿಶ್ ಪಂಥದವರ ಜೊತೆಗಿನ ಹಳೇ ಲೆಕ್ಕ ತೀರಿಸದೆ ಮನಸ್ಸು ನಿಲ್ಲುತ್ತಿಲ್ಲ.

ಪಿ.ಯು. ಹೊಡೆಸಿದ ತೇಗಕ್ಕೆ ಗಾಜಿನ ಹೊಳಪು ಬರುತ್ತದೆ, ನೀರಿಗೂ ಜಗ್ಗುವುದಿಲ್ಲ, ನಿಜ. ಆದರೆ ನಮ್ಮ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ಮಳೆಗಾಲಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುವ ಕಟ್ಟಿಗೆಯ ಮೇಲೆ ಬಿಸಿಲಿಗೆ ಬೆಂದ ಪೊರೆ ಒಂದು ದಿನ ಸೀಳುತ್ತದೆ. ಸೀಳಿನಲ್ಲಿ ನೀರಿಳಿದರೆ ಪದರವೇ ಏಳುತ್ತದೆ. ಆಮೇಲೆ ಬಡಿಗೇರರು ಇಡೀ ಹಲಗೆ ತಿಕ್ಕಬೇಕು, ಏಕೆಂದರೆ ಒಣಗಿದ ಪಿ.ಯು. ಹೊಸ ಕೋಟಿನೊಂದಿಗೆ ಬೆರೆಯುವುದಿಲ್ಲ. ಅರಗಿನ (ಶೆಲ್ಯಾಕ್) ಪಾಲಿಶ್ ಹಾಗಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಹೊಸ ಕೋಟು ಹಳೆಯದನ್ನೂ ಕರಗಿಸಿಕೊಂಡು ಒಂದಾಗುತ್ತದೆ, ಗೀರು ಬಿದ್ದಷ್ಟೇ ಜಾಗ ತಿದ್ದಿದರಾಯಿತು. ಚನ್ನಪಟ್ಟಣದವರು ಹಾಲೆ ಮರದ ಗೊಂಬೆಗೆ ತಿರುಗುವ ಲೇತಿನ ತಿಕ್ಕಾಟದ ಬಿಸಿಯಲ್ಲೇ ಹಿಡಿಸುವುದೂ ಇದೇ ಅರಗನ್ನು. ಬಿಸಿ ಚಹಾದ ಲೋಟ ಇಟ್ಟರೆ ಬಿಳಿ ಉಂಗುರ ಏಳುತ್ತದೆ, ಅದೊಂದು ಕೊರತೆ. ಹಾಗಾಗಿ ಅರಗು ಕಪಾಟಿಗೆ, ತೊಟ್ಟಿಲಿಗೆ ಸರಿ. (ನಮ್ಮ ಕಿನ್ನಾಳದ ಚಿತ್ರಗಾರರ ಬಣ್ಣದ ತೊಟ್ಟಿಲಿನ ಮಾತು ಬೇರೆ, ಇಲ್ಲಿ ಮರದ ಎಳೆ ಕಾಣಬೇಕು.)

ಅಡುಗೆಮನೆಗೆ ಬಂದರೆ ಎರಡೂ ಬೇಡ. ಲಟ್ಟಣಿಗೆ, ಮಣೆ, ಕಟ್ಟಿಗೆಯ ಸೌಟಿಗೆ ಶೇಂಗಾ ಎಣ್ಣೆ ಸವರುವವರಿದ್ದಾರೆ. ಅದು ಒಣಗುವ ಜಾತಿಯಲ್ಲ, ಅಂಟಂಟಾಗಿಯೇ ಉಳಿದು ಕಮಟು ವಾಸನೆ ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆದರೆ ಮರವನ್ನು ಹಳದಿ ಮಾಡುತ್ತದೆ. ಪೇಂಟಿನ ಅಂಗಡಿಯ ‘ಬಾಯ್ಲ್ಡ್’ ಡಬ್ಬಿಯಲ್ಲಿ ಬೇಗ ಒಣಗಿಸಲು ಲೋಹದ ಲವಣ ಬೆರೆಸಿರುತ್ತಾರೆ, ಊಟದ ಸಾಮಾನಿಗೆ ಅದು ಸಲ್ಲದು. ನನ್ನ ಮತ ಕುಸುಬಿ ಎಣ್ಣೆಗೆ. ನಮ್ಮದೇ ಎರೆಭೂಮಿಯ ಬೆಳೆ. ಹಳದಿಗೆ ತಿರುಗಿಸುವ ಲಿನೋಲೆನಿಕ್ ಆಮ್ಲ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಬಿಳಿ ಮರ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿಯುತ್ತದೆ. ಒಣಗುವುದು ಮಾತ್ರ ಅಗಸೆಗಿಂತ ನಿಧಾನ. ಓಲಿಕ್ ಆಮ್ಲ ಹೆಚ್ಚಿರುವ ಹೊಸ ತಳಿಯ ಎಣ್ಣೆ ಒಣಗುವುದೇ ಇಲ್ಲ, ಹಳೇ ತಳಿಯ ಗಾಣದ ಎಣ್ಣೆ ಕೇಳಿ ತನ್ನಿ.

ತೆಳ್ಳಗೆ ಉಜ್ಜಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ. ಗಾಳಿಯಾಡುವ ಕಡೆ ಇಟ್ಟು, ಕೈಗೆ ಅಂಟದಂತಾದ ಮೇಲೆ ಇನ್ನೊಂದು ಕೈ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಕಾವು ಮುದ್ದೆಯೊಳಗೆ ಸಿಕ್ಕಿಕೊಂಡರೆ ತಾನಾಗಿಯೇ ಬೆಂಕಿ ಹತ್ತಬಹುದು, ಅಗಸೆಯ ಬಟ್ಟೆಗೆ ಈ ಅಪಾಯ ಇನ್ನೂ ಹೆಚ್ಚು. ನೀರಲ್ಲಿ ನೆನೆಸಿ, ಅಂಗಳದಲ್ಲಿ ಬಿಡಿಬಿಡಿಯಾಗಿ ಹರವಿ ಒಣಗಿಸಿ.