ಬುಕಾನನ್ನನ ಉಕ್ಕಿನ ವರ್ಣನೆ: ಹದದ ಪ್ರಶ್ನೆ

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಡಾ. ಫ್ರಾನ್ಸಿಸ್ ಬುಕಾನನ್ನನು ಮಧುಗಿರಿ, ಸಿರಾಗಳನ್ನೂ ಈಗ ಕೊರಟಗೆರೆ ತಾಲ್ಲೂಕಿಗೆ ಸೇರಿರುವ ಚನ್ನರಾಯನದುರ್ಗವನ್ನೂ ಕಂಡನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಸೀಮೆಯ ಕಬ್ಬಿಣ ಉಕ್ಕುಗಳ ವರ್ಣನೆಯಿದೆ. ಅದರ ಗುಣವನ್ನೂ ಕೊರತೆಯನ್ನೂ ಇಲ್ಲಿ ವಿಚಾರಿಸಲು ಬಯಸುತ್ತೇವೆ.

ಮಳೆಗಾಲದಲ್ಲಿ ಬೆಟ್ಟಗಳಿಂದ ಹರಿದುಬರುವ ಕರಿಮರಳನ್ನು ಕಾಸಿ ಕಬ್ಬಿಣ ತೆಗೆಯುವುದು, ಆ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ, ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕರಗಿಸುವುದು, ಇವನ್ನು ಅವನು ಶ್ರದ್ಧೆಯಿಂದ ಬರೆದಿದ್ದಾನೆ. ಆದರೆ ಅವನ ದೃಷ್ಟಿ ಹೆಚ್ಚಾಗಿ ತೂಕ, ಕೂಲಿ, ಬೆಲೆಗಳ ಮೇಲಿದೆ. ಲೋಹ ಕರಗಿತೇ ಇಲ್ಲವೇ ಎಂಬುದನ್ನು ಗಮನಿಸಿದ ಅವನು, ಅದು ಹೇಗೆ ಆರಿತು ಎಂಬುದಕ್ಕೆ ಅಷ್ಟು ಗಮನ ಕೊಡಲಿಲ್ಲ.

ಗುಟ್ಟು ಇರುವುದು ಅಲ್ಲಿಯೇ. ಈ ಬಗೆಯ ಉಕ್ಕಿನಲ್ಲಿ ಇಂಗಾಲವು ಸಾಮಾನ್ಯವಾಗಿ ನೂರಕ್ಕೆ 1ರಿಂದ 2ರಷ್ಟು. ಮೂಸೆ ನಿಧಾನವಾಗಿ ಆರಿದಾಗ ಅದರಲ್ಲಿ ಕಬ್ಬಿಣ ಇಂಗಾಲಗಳ ಗಡುಸಾದ ಸಂಯುಕ್ತವು ದಪ್ಪನೆಯ ಜಾಲವಾಗಿ ನಿಲ್ಲುತ್ತದೆ. ಕೆಂಪು ಶಾಖದಲ್ಲಿ ತಾಳ್ಮೆಯಿಂದ ಬಡಿದರೆ ಅದು ಅಲಗಾಗುವುದು. ಬೆಳ್ಳಗೆ ಕಾಸಿದರೆ ಸುತ್ತಿಗೆಯ ಕೆಳಗೆ ಪುಡಿಯಾಗುವುದು. ವಸ್ತು ಒಂದೇ, ಹದ ಬೇರೆ.

ಇದು ಹಳೆಯ ಮಾತೆಂದು ವಾಚಕರು ಭಾವಿಸಬಾರದು. 2024ರ ಮೇ 9ರಂದು ಇಸ್ರೋ ಸಂಸ್ಥೆಯು ಲೋಹದ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ ಮಾಡಿದ ಪಿಎಸ್‌4 ಎಂಜಿನನ್ನು 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. 14 ಭಾಗಗಳು ಒಂದಾದವು. 565 ಕಿಲೋಗ್ರಾಂ ಲೋಹದ ಬದಲು 13.7 ಕಿಲೋಗ್ರಾಂ ಪುಡಿ ಸಾಕಾಯಿತು. ಈ ಅಂಕಿಗಳು ಮೆಚ್ಚತಕ್ಕವು. ಆದರೆ ಬುಕಾನನ್ನನ ಅಂಕಿಗಳಂತೆ ಇವೂ ತೂಕದವೇ, ಹದವನ್ನು ತಿಳಿಸವು. ಈ ವಿಧಾನದಲ್ಲಿ ಕರಗಿದ ಲೋಹವು ಸೆಕೆಂಡಿಗೆ ಲಕ್ಷ ಡಿಗ್ರಿಗೂ ಮಿಗಿಲಾದ ವೇಗದಲ್ಲಿ ಆರಬಲ್ಲದು. ಮೇಲಿನ ಪದರವು ಕೆಳಗಿನದನ್ನು ಮತ್ತೆ ಕಾಸುತ್ತದೆ. ಅದರಿಂದ ಕಣಗಳು ಸೂಕ್ಷ್ಮವಾಗಿ ಬಲ ಹೆಚ್ಚುತ್ತದೆ. ಒಳಗೆ ಬಿಗಿತವೂ ಉಳಿಯುತ್ತದೆ. ಹೀಗೆ ಮಾಡಿದ ಟೈಟಾನಿಯಂ ಮಿಶ್ರಲೋಹವು ಮೊದಲು ಬಲವಾಗಿದ್ದರೂ ಬಾಗುವ ಗುಣ ಕಡಿಮೆ. ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿ ಆರಿಸಿದರೆ ಬಲ ತುಸು ತಗ್ಗಿ, ಬಾಗುವ ಗುಣ ಹೆಚ್ಚುತ್ತದೆ.

ಮೂಸೆಯಲ್ಲಿ ಆರಿದ್ದು ನಿಧಾನ, ಲೇಸರಿನಡಿ ಆರುವುದು ಕ್ಷಣಾರ್ಧ. ಆದರೂ ಎರಡರ ಗುಣವನ್ನೂ ನಿರ್ಣಯಿಸುವುದು ಶಾಖದ ಚರಿತ್ರೆಯೇ. ಬುಕಾನನ್ನನ ಬಳಿ ಆ ಶಾಖವನ್ನು ಅಳೆಯುವ ಸಾಧನವಿರಲಿಲ್ಲ, ಅದನ್ನು ತಪ್ಪೆನ್ನಲಾಗದು. ಆದರೆ ಅಳತೆ ಇದ್ದದ್ದು ಕಮ್ಮಾರನ ಕಣ್ಣಿನಲ್ಲಿ. ಅವನನ್ನು ಕೂಲಿಯವನೆಂದು ಎಣಿಸಿದಷ್ಟು ಬಲ್ಲವನೆಂದು ಕೇಳಲಿಲ್ಲವೆಂಬುದೇ ನಮ್ಮ ಆಕ್ಷೇಪ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ವಿದ್ಯಾರ್ಥಿಗಳು ಆ ತಪ್ಪನ್ನು ಮುಂದುವರಿಸಬಾರದು. ಹೊಲದ ಬದುವಿನಲ್ಲಿ ಕಿಟ್ಟದ ತುಂಡು ಸಿಕ್ಕರೆ, ಸಿಕ್ಕ ಸ್ಥಳವನ್ನು ಗುರುತಿಟ್ಟು ತಮ್ಮ ಅಧ್ಯಾಪಕರಿಗೆ ತೋರಿಸಲಿ. ಊರಿನಲ್ಲಿ ಇನ್ನೂ ಕುಲುಮೆ ಉರಿಯುತ್ತಿದ್ದರೆ, ಅಲ್ಲಿ ಕುಳಿತು ಬಣ್ಣ ಬಣ್ಣದ ಶಾಖಕ್ಕೆ ಕಮ್ಮಾರನು ಹೇಳುವ ಹೆಸರುಗಳನ್ನು ಬರೆದುಕೊಳ್ಳಲಿ. ಕಿಟ್ಟವು ಮಣ್ಣಿನಲ್ಲಿ ಉಳಿದೀತು. ಆ ಮಾತುಗಳು ಉಳಿಯಲಾರವು.